ಹರಳನ್ನು ಬೆಳೆಸುವ ವಿದ್ಯೆ

ಕಲ್ಲುಸಕ್ಕರೆಯನ್ನು ನೀವೆಲ್ಲರೂ ಕಂಡಿದ್ದೀರಿ. ಸಕ್ಕರೆಯ ಗಟ್ಟಿ ಪಾಕದಲ್ಲಿ ದಾರವನ್ನು ಇಳಿಬಿಟ್ಟು ಹಲವು ದಿನ ಅಲುಗಿಸದೆ ಇರಿಸಿದರೆ ದಪ್ಪ ಹರಳುಗಳು ಮೂಡುತ್ತವೆ. ಅವಸರದಿಂದ ತಣಿಸಿ ಕಲಕಿದರೆ ದೊರೆಯುವುದು ಸಣ್ಣ ಕಾಳುಗಳಷ್ಟೆ. ವಿಜ್ಞಾನಿಗಳು ಲೋಹಸಂಯುಕ್ತಗಳ ಹರಳುಗಳನ್ನು ಬೆಳೆಸುವುದೂ ಇಂಥದೇ ತಾಳ್ಮೆಯಿಂದ.

ಗಂಧಕ, ಸೆಲೆನಿಯಂ, ಟೆಲ್ಯೂರಿಯಂ ಒಂದೇ ಕುಟುಂಬಕ್ಕೆ ಸೇರಿದ ಧಾತುಗಳು. ಇವು ಲೋಹಗಳೊಡನೆ ಕೂಡಿ ಉಂಟಾಗುವ ಸಂಯುಕ್ತಗಳಿಗೆ ಚಾಲ್ಕೋಜಿನೈಡುಗಳೆಂದು ಹೆಸರು. ಮಾಲಿಬ್ಡಿನಂ ಡೈಸಲ್ಫೈಡು ಅವುಗಳಲ್ಲೊಂದು. ಇಂಥ ವಸ್ತುವಿನ ನಿಜಗುಣವನ್ನು ಅರಿಯಲು ಪುಡಿ ಸಾಲದು. ಪುಡಿಯಲ್ಲಿ ಅಸಂಖ್ಯ ಕಣಗಳು ಒಂದೊಂದು ದಿಕ್ಕಿಗೆ ಮುಖಮಾಡಿರುತ್ತವೆ. ಕಣದಿಂದ ಕಣಕ್ಕೆ ಹಾಯುವಾಗ ವಿದ್ಯುತ್ತು ತಡೆಗೊಳ್ಳುತ್ತದೆ. ಆಗ ನಾವು ಅಳೆದುದು ವಸ್ತುವಿನ ಗುಣವನ್ನೋ, ಕಣಗಳ ನಡುವಣ ಅಡ್ಡಿಯನ್ನೋ ತಿಳಿಯದು. ಆದುದರಿಂದ ಪರಮಾಣುಗಳು ಉದ್ದಕ್ಕೂ ಒಂದೇ ಕ್ರಮದಲ್ಲಿ ಜೋಡಣೆಗೊಂಡ ಏಕಸ್ಫಟಿಕವೇ ಬೇಕು.

ಗಂಧಕವು ಸುಮಾರು 445 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ; ಮಾಲಿಬ್ಡಿನಂ ಕರಗಲು 2600 ಡಿಗ್ರಿಗೂ ಮಿಗಿಲಾದ ಶಾಖ ಬೇಕು. ಇವೆರಡನ್ನೂ ಒಟ್ಟಿಗೆ ಕರಗಿಸುವುದು ಕಷ್ಟವಾದುದರಿಂದ ಆವಿಯ ಮಾರ್ಗವನ್ನು ಹಿಡಿಯುತ್ತಾರೆ. ಎರಡು ಧಾತುಗಳ ಪುಡಿಯನ್ನೂ ತುಸು ಅಯೋಡಿನನ್ನೂ ಕ್ವಾರ್ಟ್ಸ್ ಕೊಳವೆಯಲ್ಲಿರಿಸಿ, ಗಾಳಿಯನ್ನು ಹೊರಸೆಳೆದು, ಬಾಯಿಯನ್ನು ಬೆಸೆಯುತ್ತಾರೆ. ಮೊದಲು ಮೆಲ್ಲಮೆಲ್ಲನೆ ಕಾಯಿಸಬೇಕು. ಆತುರಪಟ್ಟರೆ, ಲೋಹದೊಡನೆ ಇನ್ನೂ ಕೂಡದ ಗಂಧಕದ ಆವಿಯ ಒತ್ತಡದಿಂದ ಕೊಳವೆ ಸಿಡಿಯಬಹುದು. ಬಳಿಕ ಕುಲುಮೆಯಲ್ಲಿ ಅದರ ಒಂದು ತುದಿಯನ್ನು ಸುಮಾರು 1000 ಡಿಗ್ರಿಯಲ್ಲಿಯೂ, ಮತ್ತೊಂದನ್ನು ಸುಮಾರು 900 ಡಿಗ್ರಿಯಲ್ಲಿಯೂ ಇಡುತ್ತಾರೆ. ಬಿಸಿ ತುದಿಯಲ್ಲಿ ಅಯೋಡಿನ್ ಲೋಹದೊಡನೆ ಕೂಡಿ ಆವಿಯಾಗಿ ಸಾಗುತ್ತದೆ. ಶಾಖ ಕಡಿಮೆಯಿರುವ ತುದಿಯಲ್ಲಿ ಹೊರೆಯನ್ನಿಳಿಸಿ, ಬರಿಗೈಯಲ್ಲಿ ಮರಳಿ, ಮತ್ತೆ ಹೊರುತ್ತದೆ. ಹೀಗೆ ದಿನಗಳುರುಳಿದಂತೆ ಹೊಳೆಯುವ ತೆಳು ಫಲಕಗಳು ಬೆಳೆಯುತ್ತವೆ.

ಹೊಳಪೊಂದೇ ಹರಳಿನ ಗುಣಕ್ಕೆ ಸಾಕ್ಷಿಯಲ್ಲ. ಹರಳು ಕ್ಷ-ಕಿರಣಗಳನ್ನು ನಿಯತ ದಿಕ್ಕುಗಳಲ್ಲಿ ಚದರಿಸುವುದೆಂಬುದು 1912ರಲ್ಲಿ ಜರ್ಮನಿಯಲ್ಲಿ ಸಿದ್ಧವಾಯಿತು. ಏಕಸ್ಫಟಿಕವಾದರೆ ಬಿಡಿಬಿಡಿ ಚುಕ್ಕೆಗಳು ಕಾಣುತ್ತವೆ, ಪುಡಿಯಾದರೆ ಉಂಗುರಗಳು. ಮತ್ತೊಂದು ಪರೀಕ್ಷೆ 1928ರಲ್ಲಿ ಸಿ. ವಿ. ರಾಮನ್ನರು ಪ್ರಕಟಿಸಿದ ರಾಮನ್ ಪರಿಣಾಮವನ್ನು ಆಧರಿಸಿದೆ. ಚದರಿದ ಬೆಳಕಿನ ಬಣ್ಣದಲ್ಲಾಗುವ ಕಿರುಬದಲಾವಣೆಯಿಂದ ಪರಮಾಣುಗಳ ಕಂಪನ ತಿಳಿಯುತ್ತದೆ. ಈ ಹರಳಿನ ತೆಳು ಹಾಳೆಯಲ್ಲಿ ಎಷ್ಟು ಪದರಗಳಿವೆಯೆಂಬುದನ್ನೂ ಎಣಿಸಬಹುದು. ಒಂದೇ ಪದರವಾಗಿ ಬಿಡಿಸಿದ ಮಾಲಿಬ್ಡಿನಂ ಡೈಸಲ್ಫೈಡು, ದಪ್ಪ ಹರಳಿಗಿಂತ ಬಹುಪಾಲು ಪ್ರಬಲವಾಗಿ ಬೆಳಕನ್ನು ಸೂಸುವುದೆಂದು 2010ರಲ್ಲಿ ತಿಳಿದುಬಂದಿತು. ಪದರಗಳನ್ನು ಎಣಿಸದೆ ಹೋಗಿದ್ದರೆ ಆ ಬೆಳಕಿನ ಕಾರಣ ಅರ್ಥವಾಗುತ್ತಿರಲಿಲ್ಲ.

ಹರಳನ್ನು ಬೆಳೆಸಲು ತಾಳ್ಮೆ ಎಷ್ಟು ಅಗತ್ಯವೋ, ಬೆಳೆದುದನ್ನು ಪರೀಕ್ಷಿಸದೆ ನಂಬದಿರುವ ವಿವೇಕವೂ ಅಷ್ಟೇ ಅಗತ್ಯ.