ಬೇಸಗೆಯ ಸಮಾರಂಭಕ್ಕೆ ಮೊಸರು-ಹಣ್ಣಿನ ಐಸ್ ಕ್ಯಾಂಡಿ

ಚೈತ್ರ ಕಾಲಿಟ್ಟಿತೆಂದರೆ ನಮ್ಮ ಮನೆಗಳಲ್ಲಿ ಒಂದರ ಹಿಂದೆ ಒಂದು ಸಂಭ್ರಮ. ಯುಗಾದಿಯ ಬೇವು-ಬೆಲ್ಲ ಮುಗಿಯುವಷ್ಟರಲ್ಲಿ ರಾಮನವಮಿ. ಅದು ಕಳೆಯಿತೆನ್ನುವಾಗಲೇ ಶಾಲೆಗಳಿಗೆ ರಜೆ, ನಂಟರಿಷ್ಟರ ಮಕ್ಕಳ ದಂಡು, ವೈಶಾಖದ ಉಪನಯನ, ಮದುವೆ. ಬಂದವರ ಬಾಯಾರಿಕೆಗೆ ಹಿರಿಯರು ಗೊತ್ತುಮಾಡಿಟ್ಟಿರುವ ಏರ್ಪಾಡಾದರೂ ಎಷ್ಟು ಸೊಗಸಾದುದು! ಏಲಕ್ಕಿ, ಶುಂಠಿ ಬೆರೆತ ಬೆಲ್ಲದ ಪಾನಕ, ಇಂಗು-ಕರಿಬೇವಿನ ನೀರುಮಜ್ಜಿಗೆ, ಹೆಸರುಬೇಳೆಯ ಕೋಸಂಬರಿ. ದೊಡ್ಡವರಿಗೆ ಇಷ್ಟು ಧಾರಾಳವಾಗಿ ಸಾಕು. ಆದರೆ ಬೀದಿಯ ತಿರುವಿನಲ್ಲಿ ಐಸ್ ಕ್ಯಾಂಡಿ ಗಾಡಿಯ ಗಂಟೆ ಕೇಳಿಸಿದೊಡನೆ ಪಾನಕದ ಲೋಟವನ್ನು ಅಲ್ಲೇ ಕುಕ್ಕಿ ಓಡುವ ಮಕ್ಕಳನ್ನು ತಡೆಯಬಲ್ಲ ತಾಯಿ ಯಾರಿದ್ದಾಳೆ?

ತಡೆಯಲೇಬೇಕೆ ಎಂದು ಕೇಳುವವರೂ ಉಂಟು. ಗಾಡಿಯವನ ಮೇಲೆ ನಮಗೇನೂ ಹಗೆಯಿಲ್ಲ. ಸುಡುಬಿಸಿಲಿನಲ್ಲಿ ಗಾಡಿ ತಳ್ಳಿ ಹೊಟ್ಟೆ ಹೊರೆಯುವ ಬಡವ ಅವನು. ಆದರೆ ಅವನು ಮಾರುವ ಕ್ಯಾಂಡಿ ಯಾವ ನೀರಿನದೆಂಬುದು ಎಷ್ಟೋ ವೇಳೆ ಅವನಿಗೇ ತಿಳಿಯದು. ನೀರು ಹೆಪ್ಪುಗಟ್ಟಿದರೆ ಅದರೊಳಗಿನ ರೋಗಾಣುಗಳೆಲ್ಲ ಸತ್ತುಹೋಗುತ್ತವೆ ಎಂಬುದು ವಿದ್ಯಾವಂತರಲ್ಲಿಯೂ ಬೇರೂರಿರುವ ತಪ್ಪು ಕಲ್ಪನೆ. ಶೈತ್ಯವು ಬಹುಮಟ್ಟಿಗೆ ಅವುಗಳನ್ನು ನಿದ್ರೆಗೆ ಕಳುಹಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ವಿಷಮಶೀತಜ್ವರದ ಅಣುವಾಗಲಿ, ಕಾಮಾಲೆಯನ್ನು ತರುವ ವೈರಸ್ ಆಗಲಿ ಮಂಜುಗಡ್ಡೆಯಲ್ಲಿ ದಿನಗಟ್ಟಲೆ ಬದುಕಿದ್ದು, ಮಗುವಿನ ಹೊಟ್ಟೆ ಸೇರಿ ಬೆಚ್ಚಗಾದೊಡನೆ ತಮ್ಮ ಕೆಲಸವನ್ನು ಆರಂಭಿಸಬಲ್ಲವು. ಬಣ್ಣದ ವಿಷಯವನ್ನಂತೂ ಕೇಳಲೇಬೇಡಿ. 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರವು ಕಾಟನ್ ಕ್ಯಾಂಡಿಯಲ್ಲಿಯೂ ಗೋಬಿ ಮಂಚೂರಿಯಲ್ಲಿಯೂ ಕೃತಕ ಬಣ್ಣವನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣ ಮಕ್ಕಳ ತಿಂಡಿಯಲ್ಲಿ ಸಿಕ್ಕಿದ್ದೇ ಇದಕ್ಕೆ ಕಾರಣ. ರಜೆಗೆಂದು ಬಂದ ನಾದಿನಿಯ ಮಗು ನಮ್ಮ ಮನೆಯಲ್ಲಿ ಜ್ವರ ಹಿಡಿದು ಮಲಗಿದರೆ ಯಾರಿಗೆ ಉತ್ತರ ಹೇಳುವುದು?

ಆದುದರಿಂದ ಕ್ಯಾಂಡಿಯನ್ನು ಮನೆಯಲ್ಲಿಯೇ ಮಾಡುವುದು ಮೇಲು. ಇದರಲ್ಲಿ ಕಷ್ಟವೇನೂ ಇಲ್ಲ. ಕಡ್ಡಿ ಚುಚ್ಚಿದ ಐಸ್ ಹುಟ್ಟಿದ್ದೇ ಒಬ್ಬ ಹುಡುಗನ ಮರೆವಿನಿಂದ ಎಂದು ಹೇಳುತ್ತಾರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಪ್ರಾಂತದ ಫ್ರಾಂಕ್ ಎಪ್ಪರ್ಸನ್ ಎಂಬ ಹನ್ನೊಂದು ವರ್ಷದ ಬಾಲಕ 1905ರ ಒಂದು ಚಳಿಯ ರಾತ್ರಿ, ಸೋಡದ ಪುಡಿ ಕಲಸಿದ ಲೋಟವನ್ನು ಕಡ್ಡಿಯ ಸಮೇತ ಜಗಲಿಯಲ್ಲಿ ಬಿಟ್ಟು ಮಲಗಿದನಂತೆ. ಬೆಳಗ್ಗೆ ನೋಡಿದರೆ ಪಾನೀಯ ಕಲ್ಲಾಗಿ ಕಡ್ಡಿಗೆ ಕಚ್ಚಿಕೊಂಡಿತ್ತು! ದೊಡ್ಡವನಾದ ಮೇಲೆ, 1924ರಲ್ಲಿ, ಅದಕ್ಕೆ ಆತ ಪೇಟೆಂಟನ್ನೂ ಪಡೆದ. ನಮ್ಮ ದೇಶದಲ್ಲಿ ಮಂಜುಗಡ್ಡೆಯೇ ಒಂದು ಕಾಲಕ್ಕೆ ಅರಸರ ಭೋಗ್ಯವಸ್ತು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಕಲ್ಕತ್ತೆಗೆ ಮಂಜುಗಡ್ಡೆ ಬಂದಿಳಿದಿತೆಂದರೆ ಇಂದಿನ ಮಕ್ಕಳು ನಂಬಿಯಾರೆ? ಈಗ ಅಡುಗೆಮನೆಯ ಮೂಲೆಯಲ್ಲಿಯೇ ಹಿಮಾಲಯವಿದೆ.

ಬರಿಯ ಸಕ್ಕರೆ ನೀರನ್ನು ಹೆಪ್ಪುಗಟ್ಟಿಸಿದರೆ ಅದು ಹಲ್ಲಿಗೆ ಕಲ್ಲಿನಂತೆ ತಗಲುತ್ತದೆ. ನಾಲ್ಕು ಬಾರಿ ಚೀಪಿದೊಡನೆ ಬಣ್ಣ, ಸಿಹಿ ಎರಡೂ ಇಳಿದು ಬೆಳ್ಳನೆಯ ಗಡ್ಡೆ ಉಳಿಯುತ್ತದೆ. ಮೊಸರು ಸೇರಿದರೆ ಹಾಗಾಗುವುದಿಲ್ಲ. ಅದರ ಕೊಬ್ಬು ಮತ್ತು ಸಸಾರಜನಕ ಹಿಮದ ಹರಳುಗಳು ದೊಡ್ಡದಾಗಿ ಬೆಳೆಯದಂತೆ ನಡುವೆ ನಿಂತು ತಡೆಯುತ್ತವೆ. ಆದರೆ ಮೊಸರಿನಲ್ಲಿ ನೀರೂ ಬಹಳ. ಇದಕ್ಕೆ ಉಪಾಯವನ್ನು ಬೆಳಗಾವಿ, ಧಾರವಾಡದ ಕಡೆಯ ಗೃಹಿಣಿಯರು ಬಲ್ಲರು. ಶ್ರೀಖಂಡಕ್ಕೆ ಕಟ್ಟುವಂತೆ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರಾಯಿತು. ಶ್ರೀಖಂಡಕ್ಕಾದರೆ ರಾತ್ರಿಯಿಡೀ ಬೇಕು. ಕ್ಯಾಂಡಿಗೆ ಎರಡು ಗಂಟೆ ಸಾಕು. ಬೇಸಗೆಯಲ್ಲಿ ಫ್ರಿಜ್ಜಿನೊಳಗೇ ಒಂದು ಜರಡಿಯಲ್ಲಿಟ್ಟರೆ ಹುಳಿ ಏರದು. ಇಳಿದ ನೀರನ್ನು ಚೆಲ್ಲಬೇಡಿ, ಸಾರಿಗೆ ಹಾಕಿ.

ಮಾವಿನ ಕ್ಯಾಂಡಿಗೆ ಅರ್ಧ ಲೀಟರ್ ಗಟ್ಟಿ ಮೊಸರು, ರಸಪುರಿಯಾಗಲಿ ಬಾದಾಮಿಯಾಗಲಿ ಎರಡು ದೊಡ್ಡ ಹಣ್ಣು, ನಾಲ್ಕೈದು ದೊಡ್ಡ ಚಮಚ ಸಕ್ಕರೆ, ಎರಡು ಏಲಕ್ಕಿಯ ಪುಡಿ, ಚಿಟಿಕೆ ಉಪ್ಪು ಬೇಕು. ರಸಪುರಿಯಲ್ಲಿ ರಸ ಹೆಚ್ಚು. ಬಾದಾಮಿಯಲ್ಲಿ ತಿರುಳು ಹೆಚ್ಚು. ಈ ಕೆಲಸಕ್ಕೆ ಬಾದಾಮಿಯೇ ವಾಸಿ, ರಸಪುರಿಯನ್ನು ಸೀಕರಣೆಗೆ ಉಳಿಸಿಕೊಳ್ಳಿರೆಂದು ನನ್ನ ಸಲಹೆ. ಹಣ್ಣಿನ ತಿರುಳನ್ನು ಸಕ್ಕರೆಯೊಡನೆ ನುಣ್ಣಗೆ ಅರೆದು, ನೀರಿಳಿದ ಮೊಸರಿಗೆ ಕೈಯಿಂದಲೇ ಬೆರೆಸಬೇಕು. ಮಿಕ್ಸಿಯಲ್ಲಿ ಮೊಸರನ್ನೂ ತಿರುಗಿಸಿದರೆ ಅದು ನೀರಾಗುತ್ತದೆ. ರುಚಿ ನೋಡುವಾಗ ನಾಲಿಗೆಗೆ ಒಂದಿಷ್ಟು ಹೆಚ್ಚಾಯಿತೆನ್ನುವಷ್ಟು ಸಿಹಿಯಿರಲಿ, ಏಕೆಂದರೆ ತಣ್ಣಗಾದ ಪದಾರ್ಥದಲ್ಲಿ ಸಿಹಿ ಮಂಕಾಗುತ್ತದೆ. ಹಾಗೆಂದು ಸಕ್ಕರೆಯನ್ನು ಸುರಿದರೆ ಕ್ಯಾಂಡಿ ಗಟ್ಟಿಯಾಗಲು ಒಪ್ಪುವುದೇ ಇಲ್ಲ. ಇಷ್ಟರಲ್ಲಿ ಸಣ್ಣ ಲೋಟದ ಅಳತೆಯ ಎಂಟು-ಹತ್ತು ಕ್ಯಾಂಡಿಗಳಾಗುತ್ತವೆ.

ಅಚ್ಚಿಗಾಗಿ ಅಂಗಡಿಗೆ ಓಡಬೇಕಾಗಿಲ್ಲ. ಕಾಫಿಯ ಚಿಕ್ಕ ಸ್ಟೀಲ್ ಲೋಟಗಳೇ ಪ್ಲಾಸ್ಟಿಕ್ಕಿಗಿಂತ ಉತ್ತಮ, ಲೋಹವು ಬೇಗ ತಣ್ಣಗಾಗುವುದರಿಂದ ಹರಳು ಸಣ್ಣದಾಗಿ ಕ್ಯಾಂಡಿ ನಯವಾಗುತ್ತದೆ. ಮೇಲೆ ಅರ್ಧ ಅಂಗುಲ ಬಿಟ್ಟು ತುಂಬಿ ಫ್ರೀಜರಿನ ಹಿಂಬದಿಗೆ ತಳ್ಳಿ. ಒಂದೂವರೆ ಗಂಟೆಯ ನಂತರ, ಅರೆಗಟ್ಟಿಯಾದಾಗ ಕಡ್ಡಿಯನ್ನು ನಡುವೆ ನಿಲ್ಲಿಸಿದರೆ ವಾಲುವುದಿಲ್ಲ. ಪೂರ್ತಿ ಗಟ್ಟಿಯಾಗಲು ಆರರಿಂದ ಎಂಟು ಗಂಟೆ ಬೇಕು. ಆದ್ದರಿಂದ ಸಮಾರಂಭದ ಹಿಂದಿನ ರಾತ್ರಿಯೇ ಮಾಡಿಡುವುದು ಕ್ಷೇಮ.

ಹಣ್ಣನ್ನು ಆರಿಸುವುದರಲ್ಲಿ ಜಾಣತನ ಬೇಕು. ಹಸಿಯ ಅನಾನಸನ್ನು ಮೊಸರಿಗೆ ಹಾಕಿದರೆ ಒಂದೆರಡು ಗಂಟೆಗಳಲ್ಲಿ ಕಹಿ ಬರುತ್ತದೆ. ಅದರಲ್ಲಿರುವ ಬ್ರೋಮೆಲೈನ್ ಎಂಬ ಕಿಣ್ವ ಹಾಲಿನ ಸಸಾರಜನಕವನ್ನು ಒಡೆಯುವುದೇ ಇದಕ್ಕೆ ಕಾರಣ. ಹೋಳುಗಳನ್ನು ಸಕ್ಕರೆಯೊಡನೆ ಐದಾರು ನಿಮಿಷ ಕುದಿಸಿ ಆರಿಸಿದರೆ ಕಿಣ್ವ ಸತ್ತು ತೊಂದರೆ ತಪ್ಪುತ್ತದೆ. ಪರಂಗಿಯದೂ ಇದೇ ಜಾತಿಯ ಚೇಷ್ಟೆ. ನಂಜನಗೂಡಿನ ರಸಬಾಳೆ ಸಿಕ್ಕಿದರೆ ಸಕ್ಕರೆಯನ್ನು ಅರ್ಧಕ್ಕೆ ಇಳಿಸಬಹುದು. ಕಪ್ಪಾಗದಿರಲು ನಾಲ್ಕು ಹನಿ ನಿಂಬೆರಸ ಹಿಂಡಿ. ಕಲ್ಲಂಗಡಿ ಬರೀ ನೀರು, ಮೊಸರಿನೊಡನೆ ಹೊಂದದು. ಅದರ ರಸವನ್ನು ಲೋಟದ ತಳದಲ್ಲಿ ಎರಡಂಗುಲ ಹೆಪ್ಪುಗಟ್ಟಿಸಿ, ಮೇಲೆ ಬಿಳಿಯ ಮೊಸರನ್ನು ಸುರಿದರೆ ಕೆಂಪು-ಬಿಳುಪಿನ ಎರಡು ಪದರವಾಗಿ ಹುಟ್ಟುಹಬ್ಬದ ಮಕ್ಕಳು ಕುಣಿದಾಡುತ್ತಾರೆ. ಹೀಗೆ ಮಾಡುವಾಗ ಕಡ್ಡಿ ಎರಡು ಪದರಕ್ಕೂ ಇಳಿದಿರಬೇಕು, ಇಲ್ಲವಾದರೆ ತಳದ ಪದರ ಕಳಚಿ ಲೋಟದಲ್ಲಿಯೇ ಉಳಿಯುತ್ತದೆ. ದ್ರಾಕ್ಷಿಯನ್ನು ಹಾಕುವವರು ಎಳೆಯ ಮಕ್ಕಳಿರುವ ಮನೆಯಲ್ಲಿ ಅದನ್ನು ಉದ್ದಕ್ಕೆ ಸೀಳಿಯೇ ಹಾಕಬೇಕು; ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಾಪಾಯ. ಸಕ್ಕರೆಗೆ ಬದಲು ಜೇನು ಬಳಸುವವರು ವರ್ಷ ತುಂಬದ ಕೂಸಿಗೆ ಅದನ್ನು ನೆಕ್ಕಿಸಲೂ ಕೂಡದು.

ಇಷ್ಟೆಲ್ಲ ಸಿದ್ಧವಾದ ಮೇಲೆ ಅತ್ತೆಯವರ ಆಕ್ಷೇಪಣೆ ಇದ್ದೇ ಇರುತ್ತದೆ: ಮೊಸರಿಗೆ ಹಣ್ಣೆ? ವಿರುದ್ಧಾಹಾರವಲ್ಲವೆ? ಆಯುರ್ವೇದವು ಹುಳಿಹಣ್ಣನ್ನು ಹಾಲಿನೊಡನೆ ಕೂಡಿಸಬಾರದೆಂದೂ, ರಾತ್ರಿ ಮೊಸರನ್ನು ತಿನ್ನಬಾರದೆಂದೂ ಹೇಳಿರುವುದು ನಿಜ. ಅತ್ತೆಯವರೊಡನೆ ವಾದ ಬೆಳೆಸುವುದೇಕೆ? ಚೆನ್ನಾಗಿ ಕಳಿತ ಸಿಹಿಹಣ್ಣನ್ನೇ ಆರಿಸಿ, ಮಧ್ಯಾಹ್ನ ಮೂರು ಗಂಟೆಗೆ ಹಂಚಿದರಾಯಿತು. ಮೊದಲನೆಯದನ್ನು ಅವರ ಕೈಗೇ ಕೊಡುವುದು ಇನ್ನೂ ಒಳ್ಳೆಯ ಉಪಾಯ. ನೆಗಡಿಯಾದೀತೆಂಬ ಭಯಕ್ಕೆ ಮಾತ್ರ ಆಧಾರವಿಲ್ಲ. ನೆಗಡಿ ಬರುವುದು ವೈರಸ್ಸಿನಿಂದ, ಕ್ಯಾಂಡಿಯಿಂದಲ್ಲ.

ಉಪನಯನದಂತಹ ದೊಡ್ಡ ಸಮಾರಂಭದಲ್ಲಿ ಫ್ರಿಜ್ಜಿನ ತುಂಬ ಹಾಲು, ಹೂವು ತುಂಬಿರುತ್ತದೆ. ಆಗ ಹಳೆಯ ವಿಧಾನವೇ ಗತಿ. ಅಗಲವಾದ ಬಕೆಟ್ಟಿನಲ್ಲಿ ಪುಡಿಮಾಡಿದ ಮಂಜುಗಡ್ಡೆ ಮೂರು ಪಾಲು, ಕಲ್ಲುಪ್ಪು ಒಂದು ಪಾಲು ಬೆರೆಸಿದರೆ ಅದರ ಶೈತ್ಯ ಸೊನ್ನೆಗಿಂತ ಹತ್ತು-ಹದಿನೈದು ಡಿಗ್ರಿ ಕೆಳಗಿಳಿಯುತ್ತದೆ. ಲೋಟಗಳ ಬಾಯಿಯನ್ನು ಬಿಗಿಯಾಗಿ ಮುಚ್ಚಿ ಅದರಲ್ಲಿ ಹೂತಿಟ್ಟು, ಮೇಲೆ ಗೋಣಿಚೀಲ ಹೊದಿಸಿ. ಉಪ್ಪುನೀರು ಒಳಗೆ ನುಗ್ಗದಂತೆ ಕಣ್ಣಿಟ್ಟಿರಬೇಕು.

ತೆಗೆಯುವಾಗ ಕಡ್ಡಿಯನ್ನು ಎಳೆದಾಡಬೇಡಿ. ಲೋಟವನ್ನು ನಲ್ಲಿಯ ನೀರಿನಲ್ಲಿ ಹತ್ತು ಎಣಿಸುವವರೆಗೆ ಅದ್ದಿ, ಮೆಲ್ಲಗೆ ತಿರುಗಿಸಿದರೆ ಕ್ಯಾಂಡಿ ತಾನಾಗಿ ಕೈಗೆ ಬರುತ್ತದೆ. ಮಾಡಿಟ್ಟದ್ದನ್ನು ಮುಚ್ಚಿಟ್ಟರೆ ಒಂದು ವಾರ ರುಚಿ ಕೆಡದು. ವಿದ್ಯುತ್ತು ಹೋಗಿ ಕರಗಿಬಿಟ್ಟರೆ ಮತ್ತೆ ಹೆಪ್ಪುಗಟ್ಟಿಸಬೇಡಿ. ತಣ್ಣಗಿರುವಾಗಲೇ ಕಡೆದು, ಲೋಟಕ್ಕೆ ಸುರಿದು ಲಸ್ಸಿಯೆಂದು ಹಂಚಿಬಿಡಿ.