ಪರೀಕ್ಷೆ ಮುಗಿದರೂ ಮುಗಿಯದ ಭಯ

ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ನನಗೆ ಬ್ಯಾಕ್ ಬಂತು. ರಿಸಲ್ಟ್ ನೋಡಿದ ದಿನ ಅಳು ಬರಲಿಲ್ಲ. ಬಂದಿದ್ದರೆ ಒಂದೇ ರಾತ್ರಿಗೆ ಎಲ್ಲ ಮುಗಿಯುತ್ತಿತ್ತೇನೋ. ಅದರ ಬದಲು ಗಿರಿನಗರದ ಪಿ.ಜಿ.ಯ ಮಂಚದ ಮೇಲೆ ಎರಡು ತಿಂಗಳು ಕಳೆದೆ. ಅಲಾರಂ ಹೊಡೆಯುತ್ತಿತ್ತು, ಆಫ್ ಮಾಡಿ ಮತ್ತೆ ಮುಸುಕು ಎಳೆದುಕೊಳ್ಳುತ್ತಿದ್ದೆ. ಸೀತಾ ಸರ್ಕಲ್‌ವರೆಗೆ ಹೋಗಿ ನಾಲ್ಕು ಪುಟ ಜೆರಾಕ್ಸ್ ಮಾಡಿಸಿಕೊಂಡು ಬರುವುದೂ ಬೆಟ್ಟ ಹತ್ತಿದಂತೆ ಅನಿಸುತ್ತಿತ್ತು. ತಿಪಟೂರಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: ‘ಸೋಮಾರಿ ಆಗೋಗಿದೀಯ ನೀನು.’ ನಾನೂ ಹಾಗೇ ಅಂದುಕೊಂಡಿದ್ದೆ.

ಕೊನೆಗೆ ರೂಮ್‌ಮೇಟ್ ಬಲವಂತವಾಗಿ ಮನೋವೈದ್ಯರ ಬಳಿ ಕರೆದುಕೊಂಡು ಹೋದಳು. ಅವರು ಇದು ಖಿನ್ನತೆ ಎಂದರು. ಯಾಕೆ ಹೀಗಾಗುತ್ತೆ ಡಾಕ್ಟ್ರೇ ಎಂದು ಕೇಳಿದ್ದಕ್ಕೆ ಹಾಳೆಯ ಹಿಂದೆ ಒಂದು ಚಿತ್ರ ಬರೆದರು. ನೋಡಿದರೆ ನಾನು ಫೇಲಾದ ಪಾಠವೇ!

ಒತ್ತಡ ಬಂದಾಗ ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಪಿಟ್ಯುಟರಿಯು ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳನ್ನು ಎಚ್ಚರಿಸುತ್ತದೆ. ಅಲ್ಲಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಕಾರ್ಟಿಸಾಲ್ ಕೆಟ್ಟದ್ದೇನಲ್ಲ, ಬೆಳಿಗ್ಗೆ ನಮ್ಮನ್ನು ಚುರುಕಾಗಿಸುವುದರಲ್ಲಿ ಅದರದ್ದೂ ಪಾಲಿದೆ. ಅದು ಸಾಕಷ್ಟಾದ ಮೇಲೆ ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್ ಗುರುತಿಸಿ, ‘ಸಾಕು ನಿಲ್ಲಿಸು’ ಎನ್ನುತ್ತದೆ. ನೀರು ಕಾದ ಮೇಲೆ ಗೀಸರ್ ತಾನೇ ಆಫ್ ಆದ ಹಾಗೆ. ನಮ್ಮ ಸಿಲೆಬಸ್‌ನಲ್ಲಿ ಇದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಎನ್ನುತ್ತಾರೆ.

ಒತ್ತಡ ವಾರಗಟ್ಟಲೆ ಬಿಡದಿದ್ದರೆ ‘ಸಾಕು’ ಎನ್ನಬೇಕಾದ ಹಿಪ್ಪೊಕ್ಯಾಂಪಸ್ಸೇ ಸೊರಗುತ್ತದೆ. ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಅಲ್ಲಿ ಕಡಿಮೆಯಾಗುತ್ತದೆ. 1982ರಲ್ಲಿ ಈವ್ ಬಾರ್ಡ್ ಮತ್ತು ಹಾನ್ಸ್ ಥೋನೆನ್ ಹಂದಿಯ ಮಿದುಳಿನಿಂದ ಮೊದಲು ಬೇರ್ಪಡಿಸಿದ ಪ್ರೋಟೀನ್ ಇದು. ಬ್ರೇಕ್ ಸಡಿಲವಾದಷ್ಟೂ ಕಾರ್ಟಿಸಾಲ್ ಹೆಚ್ಚು, ಕಾರ್ಟಿಸಾಲ್ ಹೆಚ್ಚಾದಷ್ಟೂ ಬ್ರೇಕ್ ಸಡಿಲ. ಪ್ರಯೋಗಾಲಯದಲ್ಲಿ ದೀರ್ಘ ಒತ್ತಡಕ್ಕೆ ಸಿಕ್ಕ ಇಲಿಗಳು ಸಕ್ಕರೆ ನೀರನ್ನೂ ಮೊದಲಿನಷ್ಟು ಇಷ್ಟಪಡುವುದಿಲ್ಲ. ಆ ಇಲಿಯನ್ನು ಯಾರೂ ಸೋಮಾರಿ ಎನ್ನುವುದಿಲ್ಲ ನೋಡಿ.

ಮಾತ್ರೆ ಶುರುವಾಯಿತು. ಮೂರು ವಾರ ಊರಿಗೆ ಹೋದೆ. ತೋಟದಲ್ಲಿ ಓಡಾಡಿದೆ, ನಿದ್ದೆ ಮರಳಿತು, ಓದಿದ್ದು ತಲೆಯಲ್ಲಿ ನಿಲ್ಲತೊಡಗಿತು. ಸರಿಹೋದೆ ಅಂದುಕೊಂಡು ಬಸ್ ಹತ್ತಿದರೆ, ಯಶವಂತಪುರ ದಾಟುವಷ್ಟರಲ್ಲಿ ಎದೆ ಹಿಡಿದುಕೊಂಡಿತು. ಅಂಗೈ ಒದ್ದೆ. ಬ್ಯಾಗಿನಲ್ಲಿದ್ದ ಪುಸ್ತಕ ಮುಟ್ಟಲೂ ಭಯ. ಇಷ್ಟು ರಜೆಯೂ ಸಾಲಲಿಲ್ಲವೇ? ನನ್ನಲ್ಲೇ ಏನೋ ದೋಷವಿದೆ ಅನಿಸಿತು.

ಉತ್ತರ ಹುಡುಕುತ್ತಾ ಹೋದಾಗ ಅದು ಬೆಂಗಳೂರಿನಲ್ಲೇ ಸಿಕ್ಕಿತು. ಬಳ್ಳಾರಿ ರಸ್ತೆಯ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟರು. ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಮೊಟಕಾದವು. ಆದರೆ ಭಯದ ಕೇಂದ್ರವಾದ ಅಮಿಗ್ಡಲಾದಲ್ಲಿ ಕವಲುಗಳು ಇನ್ನಷ್ಟು ಹರಡಿಕೊಂಡವು! ಮುಂದೆ ಚಟರ್ಜಿಯವರ ತಂಡ ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟು ನೋಡಿತು. ಅಮಿಗ್ಡಲಾದ ಕವಲುಗಳೂ ಇಲಿಗಳ ಆತಂಕವೂ ಹಾಗೇ ಉಳಿದಿದ್ದವು. ಅದೇ ಪ್ರಯೋಗಾಲಯದ 2012ರ ಅಧ್ಯಯನದ ಪ್ರಕಾರ ಬಿಡಿಎನ್‌ಎಫ್ ಕೂಡ ಹೀಗೇ: ಹಿಪ್ಪೊಕ್ಯಾಂಪಸ್‌ನಲ್ಲಿ ಇಳಿದದ್ದು ವಿಶ್ರಾಂತಿಯಲ್ಲಿ ಮೊದಲಿನ ಮಟ್ಟಕ್ಕೆ ಬಂತು, ಅಮಿಗ್ಡಲಾದಲ್ಲಿ ಏರಿದ್ದು ಏರಿಯೇ ಇತ್ತು.

21 ದಿನ. ನನ್ನ ರಜೆಯೂ ಅಷ್ಟೇ. ನಾನು ಇಲಿಯಲ್ಲ, ನಿಜ. ಆದರೂ ಆ ಸಂಖ್ಯೆ ಓದಿ ಹಗುರಾಯಿತು. ಓದುವ ಶಕ್ತಿ ಮರಳಿದ ಮೇಲೂ ಭಯ ಉಳಿದಿರಬಹುದು, ಅದು ನನ್ನ ಸೋಲಲ್ಲ.

‘ಬಿಡಿಎನ್‌ಎಫ್ ಹೆಚ್ಚಿಸುವ ಹತ್ತು ಆಹಾರ’ ಎಂಬ ರೀಲ್ಸ್ ನಿಮಗೂ ಬರುತ್ತಿರಬಹುದು. ನನಗೆ ಈಗ ನಗು ಬರುತ್ತದೆ. ಗೊಬ್ಬರ ಹಾಕಿದರೆ ತೆಂಗಿನ ಜೊತೆ ಕಳೆಯೂ ಬೆಳೆಯುತ್ತದೆ ಎಂಬುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ನಡಿಗೆಯ ಬಗ್ಗೆ ಮಾತ್ರ ನಂಬಿಕೆ ಬಂದಿದೆ. 2011ರ ಅಮೆರಿಕದ ಅಧ್ಯಯನವೊಂದರಲ್ಲಿ ಒಂದು ವರ್ಷ ನಡೆದ ಹಿರಿಯರ ಹಿಪ್ಪೊಕ್ಯಾಂಪಸ್ ಶೇ 2ರಷ್ಟು ದೊಡ್ಡದಾಗಿತ್ತು. ನಿಮ್ಹಾನ್ಸ್‌ನಲ್ಲಿ ಖಿನ್ನತೆಯ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯೋಗ ಮಾಡಿದವರ ಕಾರ್ಟಿಸಾಲ್ ಇಳಿದಿತ್ತು. ಹಾಗಂತ ನಾನು ಮಾತ್ರೆ ಬಿಟ್ಟಿಲ್ಲ. ಅದು ಕೆಲಸ ಮಾಡಲು ವಾರಗಳೇ ಬೇಕು, ನರಕೋಶಗಳು ಚಿಗುರುವುದೂ ನಿಧಾನವೇ ತಾನೆ? ಡಾಕ್ಟರ ಬಳಿ ಹೋಗಲು ಮುಜುಗರವಾದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ವಾರ ಮತ್ತೆ ಕಂಟ್ರೋಲ್ ಸಿಸ್ಟಮ್ಸ್. ಹಾಲ್ ಟಿಕೆಟ್ ನೋಡಿದರೆ ಅಂಗೈ ಈಗಲೂ ಬೆವರುತ್ತದೆ. ಒರೆಸಿಕೊಂಡು ಪುಸ್ತಕ ತೆಗೆಯುತ್ತೇನೆ. ಮೊನ್ನೆ ಅಮ್ಮನಿಗೆ ಫೋನಿನಲ್ಲಿ ಇಲಿ, ಗೀಸರ್, ಅಮಿಗ್ಡಲಾ ಎಲ್ಲವನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ‘ಹಂಗಾದ್ರೆ ನೀನು ಸೋಮಾರಿ ಅಲ್ವಾ?’ ಎಂದರು.

‘ಸ್ವಲ್ಪ ಹೌದಮ್ಮ’ ಅಂದೆ.