ಸುದ್ದಿಗೆ ಮೊದಲೇ ತಡೆಯಾಜ್ಞೆ: ತಾಲ್ಲೂಕು ವರದಿಗಾರನ ಗತಿ ಏನು?

ದಾಂಡೇಲಿ ಕಾಗದದ ಊರು. 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಿಂದಲೇ ಆ ಪಟ್ಟಣಕ್ಕೆ ಈ ಹೆಸರು. ಆದರೆ ದಾಂಡೇಲಿಯವರು ಬೆಳಿಗ್ಗೆ ಓದುವ ರಾಜ್ಯಮಟ್ಟದ ದಿನಪತ್ರಿಕೆಗಳು ಅಚ್ಚಾಗುವುದು ಹುಬ್ಬಳ್ಳಿಯಲ್ಲಿ. ನೆರೆಯ ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಸ್ಥಿತಿಯೂ ಬಹುಮಟ್ಟಿಗೆ ಇದೇ. ಜಿಲ್ಲಾ ಕೇಂದ್ರವಾದ ಕಾರವಾರ ಘಟ್ಟದ ಕೆಳಗಿದೆ, ಪತ್ರಿಕೆಯ ಆವೃತ್ತಿ ಕಚೇರಿ ಬೇರೊಂದು ಜಿಲ್ಲೆಯಲ್ಲಿದೆ, ಮಾಲೀಕರು ಇನ್ನೂ ದೂರದಲ್ಲಿದ್ದಾರೆ. ಇಂಥ ಕಡೆ ಪತ್ರಿಕಾ ಸ್ವಾತಂತ್ರ್ಯ ಎಂಬುದು ಯಾರ ಕೈಯಲ್ಲಿದೆ? ಉತ್ತರ ಹುಡುಕಲು 2021ರ ಮಾರ್ಚ್ ಮೊದಲ ವಾರ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ನೀಡಿದ ಒಂದು ಆದೇಶವನ್ನು ಗಮನಿಸಬೇಕು.

ಅಂದಿನ ರಾಜ್ಯ ಸಂಪುಟದ ಆರು ಸಚಿವರು ಮಾಧ್ಯಮಗಳ ವಿರುದ್ಧ ಆ ನ್ಯಾಯಾಲಯದ ಮೊರೆ ಹೋಗಿದ್ದರು. ಅವರಲ್ಲಿ ಒಬ್ಬರು ಕಾರ್ಮಿಕ ಸಚಿವರೂ ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರೂ ಆಗಿದ್ದ ಶಿವರಾಮ ಹೆಬ್ಬಾರ್. ಮುಂಡಗೋಡ ತಾಲ್ಲೂಕು ಸೇರುವುದು ಅವರು ಪ್ರತಿನಿಧಿಸುವ ಯಲ್ಲಾಪುರ ಕ್ಷೇತ್ರಕ್ಕೆ. ಉಳಿದ ಐವರು ಬಿ.ಸಿ. ಪಾಟೀಲ್, ಎಸ್.ಟಿ. ಸೋಮಶೇಖರ್, ಡಾ. ಕೆ. ಸುಧಾಕರ್, ನಾರಾಯಣ ಗೌಡ ಹಾಗೂ ಬೈರತಿ ಬಸವರಾಜ್. 2019ರಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ನೀಡಿ ಮೈತ್ರಿ ಸರ್ಕಾರದ ಪತನಕ್ಕೆ ಕಾರಣರಾದ ಗುಂಪಿನಲ್ಲಿ ಆರೂ ಮಂದಿ ಇದ್ದರು.

ಅರ್ಜಿಗೆ ಹಿನ್ನೆಲೆ ಇತ್ತು. ಅದೇ ವಾರ ಅಂದಿನ ಜಲಸಂಪನ್ಮೂಲ ಸಚಿವ ರಮೇಶ ಜಾರಕಿಹೊಳಿ ಅವರದೆನ್ನಲಾದ ಸಿ.ಡಿ.ಯ ದೃಶ್ಯಗಳನ್ನು ವಾಹಿನಿಗಳು ಪ್ರಸಾರ ಮಾಡಿದ್ದವು. ಆರೋಪವನ್ನು ನಿರಾಕರಿಸಿದರೂ ಅವರು ಸಚಿವ ಸ್ಥಾನಕ್ಕೆ ರಾಜೀನಾಮೆ ನೀಡಿದರು. ತಮ್ಮ ವಿರುದ್ಧವೂ ಇಂಥದೇ ಸಂಚು ನಡೆಯಬಹುದೆಂಬುದು ಆರು ಸಚಿವರ ವಾದ. ಅರವತ್ತಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳು ಅವರ ಬಗ್ಗೆ ಪರಿಶೀಲಿಸದ, ಮಾನಹಾನಿಕರ ವಿಷಯವನ್ನು ಪ್ರಸಾರ ಮಾಡದಂತೆ, ಪ್ರಕಟಿಸದಂತೆ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ನೀಡಿತು.

ಮೇಲ್ನೋಟಕ್ಕೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಮಾನಹಾನಿಕರ ಸುದ್ದಿ ಪ್ರಕಟಿಸಬಾರದೆಂದರೆ ಯಾರು ಬೇಡವೆಂದಾರು? ತೊಡಕಿರುವುದು ಆ ಪದದಲ್ಲಿಯೇ. ಒಂದು ವರದಿ ಮಾನಹಾನಿಕರವೋ ಅಲ್ಲವೋ ಎಂಬುದು ಸಾಕ್ಷ್ಯ, ವಿಚಾರಣೆಗಳ ನಂತರ ತೀರ್ಮಾನವಾಗಬೇಕಾದ ಸಂಗತಿ. ವರದಿ ಸತ್ಯವೆಂದು ಸಾಬೀತುಪಡಿಸುವ ಅವಕಾಶ ಪತ್ರಕರ್ತನಿಗೆ ಇದೆ. ಬರೆಯುವ ಮೊದಲೇ ತಡೆ ಬಂದರೆ ಸಾಬೀತುಪಡಿಸಲು ವರದಿಯೇ ಇರುವುದಿಲ್ಲ.

ಮಾನನಷ್ಟದ ಕ್ರಿಮಿನಲ್ ಮೊಕದ್ದಮೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. 2008ರಲ್ಲಿ ಪ್ರಕಟವಾದ ವರದಿಯೊಂದಕ್ಕಾಗಿ ಪತ್ರಕರ್ತೆ ಗೌರಿ ಲಂಕೇಶ್ ಅವರಿಗೆ ಹುಬ್ಬಳ್ಳಿಯ ನ್ಯಾಯಾಲಯ 2016ರ ನವೆಂಬರ್‌ನಲ್ಲಿ ಆರು ತಿಂಗಳ ಶಿಕ್ಷೆ ವಿಧಿಸಿತ್ತು. ಹಿಂದೆ ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಸೆಕ್ಷನ್‌ಗಳಲ್ಲಿದ್ದ ಈ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿದೆ. ಹೊಸ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು, ಅಂದರೆ ‘ಮಂಗಳೂರ ಸಮಾಚಾರ’ದ ನೆನಪಿಗಾಗಿ ರಾಜ್ಯದಲ್ಲಿ ಪತ್ರಿಕಾ ದಿನ ಆಚರಿಸುವ ದಿನವೇ. ಅದೇನೇ ಇರಲಿ, ಕ್ರಿಮಿನಲ್ ಮೊಕದ್ದಮೆಯಲ್ಲಿ ಓದುಗನಿಗೆ ವರದಿ ತಲುಪಿರುತ್ತದೆ. ತಡೆಯಾಜ್ಞೆಯಲ್ಲಿ ತಲುಪುವುದೇ ಇಲ್ಲ.

ಸುಪ್ರೀಂ ಕೋರ್ಟ್ ಈ ಬಗ್ಗೆ ಹಲವು ಬಾರಿ ಎಚ್ಚರಿಸಿದೆ. ತಮಿಳಿನ ‘ನಕ್ಕೀರನ್’ ಪತ್ರಿಕೆಗೆ ಸಂಬಂಧಿಸಿದ 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ, ಅಧಿಕಾರಿಗಳು ತಮಗೆ ಮಾನಹಾನಿ ಆದೀತೆಂದು ಪ್ರಕಟಣೆಯನ್ನು ಮೊದಲೇ ತಡೆಯುವಂತಿಲ್ಲ, ಪರಿಹಾರವಿದ್ದರೆ ಅದು ಪ್ರಕಟಣೆಯ ನಂತರ ಎಂದು ಹೇಳಿತು. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸಂಸ್ಥೆಯ ಲೇಖನದ ವಿರುದ್ಧ ಝೀ ಸಂಸ್ಥೆ ಪಡೆದಿದ್ದ ತಡೆಯಾಜ್ಞೆಯನ್ನು ರದ್ದುಪಡಿಸಿ, ವಿಚಾರಣೆಗೆ ಮೊದಲಿನ ತಡೆ ಅಪರೂಪದ ಸಂದರ್ಭಗಳಿಗೆ ಮಾತ್ರ ಸೀಮಿತವಾಗಿರಬೇಕೆಂದಿತು. ಆದರೂ 2025ರ ಜುಲೈನಲ್ಲಿ ಧರ್ಮಸ್ಥಳ ಪ್ರಕರಣಕ್ಕೆ ಸಂಬಂಧಿಸಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಮುನ್ನೂರಕ್ಕೂ ಹೆಚ್ಚು ಪ್ರತಿವಾದಿಗಳ ವಿರುದ್ಧ ಏಕಪಕ್ಷೀಯ ತಡೆ ನೀಡಿ, ಎಂಟು ಸಾವಿರಕ್ಕೂ ಅಧಿಕ ಕೊಂಡಿಗಳನ್ನು ಅಳಿಸಲು ಸೂಚಿಸಿತು. ‘ಕುಡ್ಲ ರ‍್ಯಾಂಪೇಜ್’ ಎಂಬ ಸ್ಥಳೀಯ ಯೂಟ್ಯೂಬ್ ವಾಹಿನಿ ಹೈಕೋರ್ಟ್‌ಗೆ ಹೋಯಿತು. ಆಗಸ್ಟ್ 1ರಂದು ಆ ವಾಹಿನಿಯ ಮಟ್ಟಿಗೆ ಆದೇಶ ರದ್ದಾಯಿತು. ಹೈಕೋರ್ಟ್‌ನ ಮೆಟ್ಟಿಲು ಹತ್ತಿದವರಿಗೆ ಮಾತ್ರ ಆ ಫಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಮೆಟ್ಟಿಲು ಹತ್ತಬಲ್ಲವರು ಯಾರು ಎಂಬ ಪ್ರಶ್ನೆ ಮಾಲೀಕತ್ವಕ್ಕೆ ಸಂಬಂಧಿಸಿದ್ದು. ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ ಲೋಕ ಶಿಕ್ಷಣ ಟ್ರಸ್ಟ್‌ನದು. ‘ವಿಜಯ ಕರ್ನಾಟಕ’ವನ್ನು 1999ರಲ್ಲಿ ಆರಂಭಿಸಿದ ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರ ಆಗ ಸಂಸದರೂ ಆಗಿದ್ದರು. 2006ರಲ್ಲಿ ಪತ್ರಿಕೆ ಟೈಮ್ಸ್ ಸಮೂಹದ ಪಾಲಾಯಿತು, 2012ರಲ್ಲಿ ಅವರೇ ‘ವಿಜಯವಾಣಿ’ ತಂದರು. ‘ಕಸ್ತೂರಿ’ ವಾಹಿನಿ ಎಚ್.ಡಿ. ಕುಮಾರಸ್ವಾಮಿ ಅವರ ಕುಟುಂಬದ ಉದ್ಯಮವಾಗಿ ಆರಂಭವಾಯಿತು. ‘ಸುವರ್ಣ’ ವಾಹಿನಿಯನ್ನು ಕಟ್ಟಿದ ರಾಜೀವ್ ಚಂದ್ರಶೇಖರ್ 2006ರಿಂದ 2024ರವರೆಗೆ ರಾಜ್ಯಸಭಾ ಸದಸ್ಯರಾಗಿದ್ದರು. ಇಂಥ ಸಂಸ್ಥೆಗಳಿಗೆ ವಕೀಲರ ಕೊರತೆಯಿಲ್ಲ. ಹೋರಾಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವವರು ಮಾತ್ರ ಸಂಪಾದಕರಲ್ಲ, ಮಾಲೀಕರು. ಅಧಿಕಾರದಲ್ಲಿರುವವರೊಡನೆ ಬೇರೆ ವ್ಯವಹಾರಗಳೂ ಇರುವ ಮಾಲೀಕ ಒಂದು ತಾಲ್ಲೂಕಿನ ಸುದ್ದಿಗಾಗಿ ಮೇಲ್ಮನವಿ ಸಲ್ಲಿಸುತ್ತಾನೆಂದು ನಿರೀಕ್ಷಿಸುವುದು ಕಷ್ಟ.

ತಾಲ್ಲೂಕಿನಲ್ಲಿ ಇರುವವನು ಬಹುತೇಕ ಅರೆಕಾಲಿಕ ವರದಿಗಾರ. ಗೌರವಧನ ಅಲ್ಪ, ಜೀವನೋಪಾಯ ಬೇರೆ. ಹಲವು ಕಡೆ ವಾರ್ಷಿಕೋತ್ಸವದ ಪುರವಣಿಗೆ ಜಾಹೀರಾತು ತರುವ ಹೊಣೆಯೂ ಅವನದೇ. ಜಾಹೀರಾತು ಕೊಡುವವರು ಗುತ್ತಿಗೆದಾರರು, ಸಹಕಾರಿ ಸಂಘದ ಅಧ್ಯಕ್ಷರು, ಚುನಾವಣಾ ಆಕಾಂಕ್ಷಿಗಳು. ಅವನು ಬರೆಯಬೇಕಾದುದೂ ಇವರ ಬಗ್ಗೆಯೇ. ಹೀಗಿರುವಾಗ ಬೆಂಗಳೂರಿನ ನ್ಯಾಯಾಲಯದಿಂದ ನೋಟಿಸು ಬಂದರೆ ವಕೀಲರನ್ನು ಕಾಣಲು ಒಂದು ರಾತ್ರಿಯ ಬಸ್ ಪ್ರಯಾಣ ಬೆಳೆಸಬೇಕು. ಆದೇಶದಲ್ಲಿ ತನ್ನ ಹೆಸರಿಲ್ಲದಿದ್ದರೂ, ಹೆಸರಿರುವ ದೊಡ್ಡವರೇ ಸುಮ್ಮನಿರುವಾಗ ತಾನೇಕೆ ಎಂದು ಅವನು ಪೆನ್ನು ಕೆಳಗಿಟ್ಟರೆ ಅಚ್ಚರಿಯೇನು?

ಮಾಧ್ಯಮಗಳು ಈ ಸ್ಥಿತಿಗೆ ತಾವೂ ಎಡೆ ಮಾಡಿಕೊಟ್ಟಿವೆ. ಖಾಸಗಿ ದೃಶ್ಯಗಳನ್ನು ದಿನವಿಡೀ ತೋರಿಸಿದವರು ಖಾಸಗಿತನದ ವಾದಕ್ಕೆ ಉತ್ತರ ಕೊಡಲು ತಡವರಿಸುತ್ತಾರೆ. 2022ರ ದೀಪಾವಳಿಯಲ್ಲಿ ಮುಖ್ಯಮಂತ್ರಿ ಕಚೇರಿಯಿಂದ ಪತ್ರಕರ್ತರಿಗೆ ಸಿಹಿಯೊಂದಿಗೆ ನಗದು ಹೋಯಿತೆಂಬ ಆರೋಪ ಲೋಕಾಯುಕ್ತದವರೆಗೆ ತಲುಪಿತ್ತು. ತಾವು ಅಂಥ ಸೂಚನೆ ನೀಡಿಲ್ಲವೆಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದ್ದರು. ಹಣ ಹಿಂತಿರುಗಿಸಿದ ಕೆಲವರಿಂದಲೇ ಸಂಗತಿ ಬೆಳಕಿಗೆ ಬಂದದ್ದು ಅಷ್ಟರಮಟ್ಟಿಗೆ ಸಮಾಧಾನ.

ಸ್ಥಳೀಯ ವರದಿಗಾರ ಸುಮ್ಮನಾದರೆ ಆಗುವ ನಷ್ಟ ಎಷ್ಟೆಂಬುದಕ್ಕೆ ಉತ್ತರ ಕನ್ನಡದ ಕರಾವಳಿಯೇ ಉದಾಹರಣೆ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಕೆರೆಯೊಂದರಲ್ಲಿ ಯುವಕನ ಶವ ಪತ್ತೆಯಾದಾಗ ಚಿತ್ರಹಿಂಸೆಯ ವದಂತಿಗಳು ಹಬ್ಬಿದವು. ಕುಮಟಾ, ಶಿರಸಿಗಳಲ್ಲಿ ಹಿಂಸಾಚಾರ ನಡೆಯಿತು. ವಿಧಿವಿಜ್ಞಾನ ವೈದ್ಯರ ವಿವರಣೆಯನ್ನು ಪೊಲೀಸರು ಬಿಡುಗಡೆ ಮಾಡುವ ಹೊತ್ತಿಗೆ ವದಂತಿ ಘಟ್ಟ ಹತ್ತಿಯಾಗಿತ್ತು. ಅದು ಆಕಸ್ಮಿಕ ಸಾವು ಎಂದು ಸಿಬಿಐ ವರದಿ ಸಲ್ಲಿಸಿದ್ದು 2022ರಲ್ಲಿ. ಅಂಥ ದಿನಗಳಲ್ಲಿ ಆಸ್ಪತ್ರೆಗೂ ಠಾಣೆಗೂ ಅಲೆದು ‘ಇದು ಸುಳ್ಳು’ ಎಂದು ಮರುದಿನವೇ ಬರೆಯಬಲ್ಲವನು ಊರಿನ ವರದಿಗಾರನೇ. ಕಾಡಿನ ನಡುವೆ ಹಳ್ಳಿಗಳು ಚದುರಿಹೋಗಿರುವ ಜೋಯಿಡಾದಂಥ ತಾಲ್ಲೂಕಿನಲ್ಲಂತೂ ಅವನ ಹೊರತು ಬೇರೆ ಗತಿಯಿಲ್ಲ.

ಕಾನೂನಿನಲ್ಲಿ ದಾರಿಗಳು ಇಲ್ಲವೆಂದಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಂತೆ, ಎದುರುಪಕ್ಷಕ್ಕೆ ನೋಟಿಸು ನೀಡದೆ ತಡೆ ಕೊಡುವ ನ್ಯಾಯಾಧೀಶರು ಅದಕ್ಕೆ ಕಾರಣ ದಾಖಲಿಸಬೇಕು ಹಾಗೂ 30 ದಿನಗಳೊಳಗೆ ಅರ್ಜಿಯನ್ನು ಇತ್ಯರ್ಥಗೊಳಿಸಲು ಪ್ರಯತ್ನಿಸಬೇಕು. ತನ್ನ ವಿರುದ್ಧ ಅರ್ಜಿ ಬರಬಹುದೆಂಬ ಸುಳಿವು ಸಿಕ್ಕ ಪತ್ರಿಕೆ 148ಎ ಸೆಕ್ಷನ್‌ನ ಅಡಿ ಮೊದಲೇ ಕೇವಿಯಟ್ ಸಲ್ಲಿಸಬಹುದು. ಆಗ ಅದರ ವಾದ ಕೇಳದೆ ತಡೆ ನೀಡಲಾಗದು. ಕೇವಿಯಟ್‌ನ ಅವಧಿ 90 ದಿನ. ಮುಗಿದ ಮೇಲೆ ಮತ್ತೆ ಶುಲ್ಕ ಕಟ್ಟಿ, ಮತ್ತೆ ವಕೀಲರ ಮೂಲಕ ಸಲ್ಲಿಸಬೇಕು.